ಊಟ ಬಿಟ್ಟ ಇಗ್ವಾನ

ಸೊಪ್ಪು ಕಂಡರೆ ಓಡಿ ಬರುತ್ತಿದ್ದ ಹೆಣ್ಣು ಇಗ್ವಾನ ಈಗ ತಟ್ಟೆಯನ್ನು ಮೂಸಿಯೂ ನೋಡುವುದಿಲ್ಲ. ಹೊಟ್ಟೆ ಉಬ್ಬಿದೆ. ಗೂಡಿನ ಮೂಲೆಯನ್ನು ಹಗಲೆಲ್ಲ ಕೆರೆಯುತ್ತದೆ. ಮಕ್ಕಳಿಗೆ ಗಾಬರಿ. 'ಗಂಡೇ ಇಲ್ಲ, ಮೊಟ್ಟೆ ಹೇಗಾದೀತು?' ಎಂದು ಅಪ್ಪ ಅಮ್ಮನಿಗೆ ಅನುಮಾನ. ಹುಂಜವಿಲ್ಲದ ಮನೆಯಲ್ಲೂ ಕೋಳಿ ಮೊಟ್ಟೆಯಿಡುವುದಿಲ್ಲವೇ? ಇದೂ ಹಾಗೆಯೇ. ಅಂಥ ಮೊಟ್ಟೆ ಮರಿಯಾಗದು, ಅಷ್ಟೆ.

ಹಸಿರು ಇಗ್ವಾನದ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಅಲ್ಲಿ ಅದು ಮರದ ಮೇಲೆಯೇ ಬಾಳಿದರೂ ಮೊಟ್ಟೆಯಿಡಲು ನೆಲಕ್ಕಿಳಿದು ಬಿಲ ತೋಡುತ್ತದೆ. ಒಂದು ಸಲಕ್ಕೆ 20ರಿಂದ 70 ಮೊಟ್ಟೆಗಳು! ಹೊಟ್ಟೆಯಲ್ಲಿ ಆಹಾರಕ್ಕೆ ಜಾಗವೆಲ್ಲಿ? ಕೊನೆಯ ಕೆಲವು ವಾರ ಊಟ ಬಿಡುವುದು ರೋಗವಲ್ಲ. ನೀರು ಮಾತ್ರ ಸದಾ ಇರಲಿ.

ಅಪಾಯವಿರುವುದು ತೋಡಲು ಮಣ್ಣು ಸಿಗದಿದ್ದಾಗ. ಆಗ ಅದು ಮೊಟ್ಟೆಗಳನ್ನು ಒಳಗೇ ತಡೆದುಕೊಳ್ಳಬಹುದು. ಅದರಿಂದ ಜೀವಕ್ಕೇ ಕುತ್ತು. ಆದ್ದರಿಂದ ಇಗ್ವಾನ ಸಲೀಸಾಗಿ ಹೊರಳುವಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಮರಳು, ಮಣ್ಣು ಬೆರೆಸಿ ಒಂದು ಅಡಿಯಷ್ಟು ತುಂಬಿ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು. ಮೇಲೊಂದು ಮುಚ್ಚಳ, ಪಕ್ಕದಲ್ಲಿ ಬಾಗಿಲು. ಒಳಗೆ ಕತ್ತಲಿರಲಿ. ಪದೇ ಪದೇ ಇಣುಕುವ ಚಪಲ ಬೇಡ.

ಉಪವಾಸವಿದ್ದರೂ ಕಣ್ಣು ಚುರುಕಾಗಿದ್ದರೆ ಕಾಯಿರಿ. ಮಂಕಾಗಿ ಬಿದ್ದುಕೊಂಡರೆ, ಕಾಲು ನಡುಗಿದರೆ, ತಿಣುಕಿದರೂ ಮೊಟ್ಟೆ ಬರದಿದ್ದರೆ ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ. ಹೊಟ್ಟೆ ಹಿಸುಕುವ ಸಾಹಸ ಬೇಡವೇ ಬೇಡ. ಒಳಗೇ ಮೊಟ್ಟೆ ಒಡೆದೀತು.

ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ತಾಯಿಯ ಮೈಯಿಂದಲೇ ಹೋಗುತ್ತದೆ. ಮೊಟ್ಟೆಯಿಟ್ಟು ಸೊರಗಿದ ಬಾಣಂತಿಗೆ ನೀರು, ಸೊಪ್ಪು, ಬಿಸಿಲು ಕೊಟ್ಟು ಸುಧಾರಿಸುವುದೂ ಸಾಕುವವರ ಕೆಲಸವೇ. ಮಕ್ಕಳಿಗೆ ಪರೀಕ್ಷೆಯಿದ್ದರೆ ಆ ಪಾಳಿ ಅಪ್ಪ ಅಮ್ಮನದು!