ಬೆಕ್ಕಿನ ಸಂತಾನಹರಣ: ಕಾನೂನು ಸಾಕಿದವರಿಗೆ, ಮರಿಗಳು ಹಿತ್ತಲಲ್ಲಿ

ಬೇ ಏರಿಯಾದ ನಮ್ಮ ಮನೆಗಳಲ್ಲಿ ಈ ದೃಶ್ಯ ಹೊಸದೇನಲ್ಲ. ಆರು ತಿಂಗಳಿಗೆಂದು ಊರಿನಿಂದ ಬಂದ ಅಮ್ಮನೋ ಅತ್ತೆಯೋ ಮಧ್ಯಾಹ್ನದ ಊಟವಾದ ಮೇಲೆ ಮಿಕ್ಕ ಮೊಸರನ್ನವನ್ನು ಪೇಪರ್ ಪ್ಲೇಟಿಗೆ ಹಾಕಿ ಹಿತ್ತಲಿನ ಬೇಲಿಯ ಪಕ್ಕ ಇಡುತ್ತಾರೆ. ಎಲ್ಲಿಂದಲೋ ಒಂದು ಬೂದು ಬೆಕ್ಕು ಬರುತ್ತದೆ. ವಾರ ಕಳೆಯುವಷ್ಟರಲ್ಲಿ ಅದಕ್ಕೊಂದು ಹೆಸರು. ಮೇ ತಿಂಗಳ ಹೊತ್ತಿಗೆ ಡೆಕ್ಕಿನ ಕೆಳಗಿಂದ ನಾಲ್ಕು ಮರಿಗಳ ಸದ್ದು! ಅಮ್ಮ ಊರಿಗೆ ಹೊರಡುತ್ತಾರೆ, ಮರಿಗಳು ಇಲ್ಲೇ ಉಳಿಯುತ್ತವೆ.

ಆ ಬೆಕ್ಕು ಯಾರದು? ನಮ್ಮದಲ್ಲ ಎನ್ನುತ್ತೇವೆ. ಪಕ್ಕದ ಮನೆಯವರೂ ಹಾಗೇ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಬೆಕ್ಕಿನ ಕಾನೂನುಗಳು ಮೂವತ್ತೈದು ವರ್ಷಗಳಿಂದ ಎಡವುತ್ತಿರುವುದು ಇದೇ ಪ್ರಶ್ನೆಯಲ್ಲಿ.

ಶುರುವಾದದ್ದು ನಮ್ಮ ಪಕ್ಕದಲ್ಲೇ

ಸಾಕುಪ್ರಾಣಿಗಳಿಗೆ ಕಡ್ಡಾಯ ಸಂತಾನಹರಣ ಶಸ್ತ್ರಚಿಕಿತ್ಸೆ ಎಂಬ ಮಾತು ಅಮೆರಿಕಾದಲ್ಲಿ ದೊಡ್ಡ ಸುದ್ದಿಯಾದದ್ದು 1990ರಲ್ಲಿ, ನಮ್ಮ ಸ್ಯಾನ್ ಮಟೇಯೋ ಕೌಂಟಿಯಿಂದ. ಅಲ್ಲಿನ ಪೆನಿನ್ಸುಲಾ ಹ್ಯೂಮೇನ್ ಸೊಸೈಟಿ ತನ್ನ ಆಶ್ರಯಕೇಂದ್ರದಲ್ಲಿ ಪ್ರತಿದಿನ ನಡೆಯುತ್ತಿದ್ದ ದಯಾಮರಣವನ್ನು ಮುಚ್ಚಿಡದೆ ಜನರ ಮುಂದೆ ಇಟ್ಟಿತು. ಊರೆಲ್ಲ ಬೆಚ್ಚಿಬಿತ್ತು. ಆ ವರ್ಷದ ಕೊನೆಗೆ ಕೌಂಟಿ ಕಾನೂನು ಮಾಡಿತು. ಆದರೆ ಅದು ಅನ್ವಯವಾದದ್ದು ಯಾವ ನಗರಕ್ಕೂ ಸೇರದ ಕೌಂಟಿ ಪ್ರದೇಶಗಳಿಗೆ ಮಾತ್ರ. ನಂತರ, 1990ರ ದಶಕದ ಮಧ್ಯದಲ್ಲಿ, ಸಾಂಟಾ ಕ್ರೂಜ್ ಕೌಂಟಿಯೂ ಇದೇ ದಾರಿ ಹಿಡಿಯಿತು. 2008ರಲ್ಲಿ ಲಾಸ್ ಏಂಜಲೀಸ್ ನಗರ ನಾಲ್ಕು ತಿಂಗಳು ತುಂಬಿದ ನಾಯಿ, ಬೆಕ್ಕುಗಳಿಗೆ ಇದನ್ನು ಕಡ್ಡಾಯ ಮಾಡಿತು.

ಇಡೀ ರಾಜ್ಯಕ್ಕೇ ಅನ್ವಯಿಸುವ ಪ್ರಯತ್ನವೂ ನಡೆಯಿತು. 2007ರಲ್ಲಿ ಅಸೆಂಬ್ಲಿ ಸದಸ್ಯ ಲಾಯ್ಡ್ ಲೆವಿನ್ ಎ.ಬಿ. 1634 ಎಂಬ ಮಸೂದೆ ತಂದರು. ಅಸೆಂಬ್ಲಿಯಲ್ಲಿ ಗೆದ್ದ ಮಸೂದೆ ಸೆನೆಟ್‌ನಲ್ಲಿ ಸಿಕ್ಕಿಕೊಂಡು 2008ರಲ್ಲಿ ಬಿದ್ದುಹೋಯಿತು. ತಳಿ ಬೆಳೆಸುವವರ ವಿರೋಧ ನಿರೀಕ್ಷಿತವೇ. ಆದರೆ ಅಮೆರಿಕಾದ ಪಶುವೈದ್ಯರ ಸಂಘ ಕೂಡ, ಶಸ್ತ್ರಚಿಕಿತ್ಸೆ ಬೇಕು, ಆದರೆ ಮಾಲೀಕರ ಮೇಲೆ ಕಾನೂನಿನ ಬಲವಂತ ಬೇಡ ಎಂಬ ನಿಲುವು ತಳೆದಿದೆ. ಕಡ್ಡಾಯ ಮಾಡಿದರೆ ಕೆಲವರು ದಂಡಕ್ಕೆ ಹೆದರಿ ವೈದ್ಯರ ಬಳಿಗೇ ಬರುವುದಿಲ್ಲ, ಆಗ ರೇಬೀಸ್ ಲಸಿಕೆಯೂ ತಪ್ಪುತ್ತದೆ ಎಂಬುದು ಅವರ ಆತಂಕ.

ರಾಜ್ಯದಲ್ಲಿ ಗಟ್ಟಿಯಾಗಿ ನಿಂತಿರುವುದು ಬೇರೊಂದು ಕಾನೂನು. 1998ರಲ್ಲಿ ಅಂಗೀಕಾರವಾದ ಅದರ ಪ್ರಕಾರ, ಆಶ್ರಯಕೇಂದ್ರದಿಂದ ದತ್ತು ಹೋಗುವ ನಾಯಿ, ಬೆಕ್ಕುಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡಿಯೇ ಕೊಡಬೇಕು. ನಿಮ್ಮ ಮಗಳ ಹಟಕ್ಕೆ ಕೇಂದ್ರದಿಂದ ತಂದ ಬೆಕ್ಕಾಗಿದ್ದರೆ, ಬಹುಶಃ ನಿಮ್ಮ ಪಾಲಿನ ಕೆಲಸ ಆಗಲೇ ಮುಗಿದಿದೆ.

ಲೆಕ್ಕ ಏನು ಹೇಳುತ್ತದೆ?

1993ರಲ್ಲಿ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಮನೆ ಮನೆಗಳ ಸಮೀಕ್ಷೆಯೊಂದು ನಡೆಯಿತು. ಅದರಲ್ಲಿ ಕಂಡ ಮಾತು ಕುತೂಹಲಕರ: ಜನ ಸಾಕಿದ್ದ ಬೆಕ್ಕುಗಳಲ್ಲಿ ಶೇ. 86ರಷ್ಟಕ್ಕೆ ಶಸ್ತ್ರಚಿಕಿತ್ಸೆ ಆಗಲೇ ಆಗಿತ್ತು, ಯಾವ ಕಡ್ಡಾಯವೂ ಇಲ್ಲದೆ! ಇನ್ನೊಂದು ಕಡೆ, ಹತ್ತರಲ್ಲಿ ಒಂದು ಮನೆಯವರು ತಮ್ಮದಲ್ಲದ ಬೆಕ್ಕುಗಳಿಗೆ ಊಟ ಹಾಕುತ್ತಿದ್ದರು. ಲೆಕ್ಕಕ್ಕೆ ಸಿಕ್ಕ ಒಟ್ಟು ಬೆಕ್ಕುಗಳಲ್ಲಿ ಸುಮಾರು ಶೇ. 40 ಇಂಥ ಯಾರದೂ ಅಲ್ಲದ ಬೆಕ್ಕುಗಳು.

ಅಂದರೆ ಕಾನೂನು ಬಾಗಿಲು ತಟ್ಟುತ್ತಿದ್ದದ್ದು ಆಗಲೇ ಕರ್ತವ್ಯ ಮುಗಿಸಿದವರ ಮನೆಯನ್ನು. ಮರಿಗಳು ಹುಟ್ಟುತ್ತಿದ್ದದ್ದು ಹಿತ್ತಲಲ್ಲಿ, ಅಪಾರ್ಟ್‌ಮೆಂಟಿನ ಕಸದ ಡಬ್ಬಿಗಳ ಹಿಂದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು. ಸುಮಾರು ಒಂಬತ್ತು ವಾರಕ್ಕೆ ಮರಿ. ನಮ್ಮ ಕಡೆಯ ಹಿತವಾದ ಹವೆಯಲ್ಲಿ ವರ್ಷಕ್ಕೆ ಎರಡು, ಮೂರು ಸೂಲು. ಯಾರದೂ ಅಲ್ಲದ ಬೆಕ್ಕಿಗೆ ದಂಡ ಹಾಕುವುದಾದರೂ ಯಾರಿಗೆ?

ಸ್ಯಾನ್ ಹೊಸೆ ಕಲಿತ ಪಾಠ

ಸ್ಯಾನ್ ಹೊಸೆ ನಗರ 1994ರಲ್ಲಿ ಬೇರೆ ದಾರಿ ಹಿಡಿಯಿತು. ಸಾಕಿದ್ದಿರಲಿ, ಬೀದಿಯದಿರಲಿ, ಬೆಕ್ಕಿನ ಶಸ್ತ್ರಚಿಕಿತ್ಸೆಗೆ ಉಚಿತ ವೋಚರ್ ಕೊಟ್ಟಿತು. 2010ರ ಮಾರ್ಚ್‌ನಿಂದ ಇನ್ನೊಂದು ಹೆಜ್ಜೆ: ಕೇಂದ್ರಕ್ಕೆ ಬಂದ ಆರೋಗ್ಯವಂತ ಬೀದಿಬೆಕ್ಕನ್ನು ಕೊಲ್ಲುವ ಬದಲು ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಸಿಕ್ಕ ಜಾಗಕ್ಕೇ ವಾಪಸ್ ಬಿಡುವುದು. 2014ರ ಜೂನ್ ತನಕ ಹೀಗೆ 10,080 ಬೆಕ್ಕುಗಳು ಮರಳಿದವು. ಫಲಿತಾಂಶ? ಕೇಂದ್ರಕ್ಕೆ ಬರುವ ಬೆಕ್ಕುಗಳ ಸಂಖ್ಯೆ ಶೇ. 29ರಷ್ಟು ಇಳಿಯಿತು. 2009ರಲ್ಲಿ ಒಳಗೆ ಬಂದ ಬೆಕ್ಕುಗಳಲ್ಲಿ ಶೇ. 70ಕ್ಕೂ ಹೆಚ್ಚು ಸಾಯುತ್ತಿದ್ದವು. 2014ರಲ್ಲಿ ಅದು ಶೇ. 23.

ಇದು ನಮಗೆ ಅಪರಿಚಿತ ದಾರಿಯಲ್ಲ. ಬೆಂಗಳೂರಿನಲ್ಲಿ ಬೀದಿನಾಯಿಗಳಿಗೆ ನಡೆಯುತ್ತಿರುವುದೂ ಇದೇ ಕ್ರಮ. ಆಗಿನ ಬಿಬಿಎಂಪಿಯ 2019ರ ಸಮೀಕ್ಷೆಯಲ್ಲಿ 3.10 ಲಕ್ಷವಿದ್ದ ನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದವು. ಶಸ್ತ್ರಚಿಕಿತ್ಸೆಯಾದವುಗಳ ಪ್ರಮಾಣ ಶೇ. 51ರಿಂದ ಸುಮಾರು 72ಕ್ಕೆ ಏರಿತು. ಅಲ್ಲೂ ಮಾಲೀಕ ಯಾರೆಂದು ಹುಡುಕುತ್ತಾ ಕೂತಿದ್ದರೆ ಏನೂ ಆಗುತ್ತಿರಲಿಲ್ಲ.

ಹಾಗೆಂದು ಎಲ್ಲವೂ ಬಗೆಹರಿಯಿತೆಂದಲ್ಲ. 2020ರ ಕೋವಿಡ್ ಕಾಲದಲ್ಲಿ ಎಲ್ಲೆಡೆ ಶಸ್ತ್ರಚಿಕಿತ್ಸೆಗಳು ನಿಂತವು, ಆಮೇಲೆ ಪಶುವೈದ್ಯರ ಕೊರತೆ. 2024ರ ನವೆಂಬರ್‌ನಲ್ಲಿ ಸ್ಯಾನ್ ಹೊಸೆಯ ಲೆಕ್ಕಪರಿಶೋಧಕರ ವರದಿ, ಕೇಂದ್ರದಲ್ಲಿ ಪ್ರಾಣಿಗಳು ಕಿಕ್ಕಿರಿದಿರುವುದನ್ನು ಎತ್ತಿ ತೋರಿಸಿತು. ಪಕ್ಷಿಪ್ರಿಯರ ತಕರಾರೂ ಸುಳ್ಳಲ್ಲ: ಶಸ್ತ್ರಚಿಕಿತ್ಸೆಯಾದ ಬೆಕ್ಕು ಮರಿ ಹಾಕುವುದಿಲ್ಲ ನಿಜ, ಆದರೆ ಬೇಟೆ ಬಿಡುವುದಿಲ್ಲ. ಮೌಂಟನ್ ವ್ಯೂನ ಶೋರ್‌ಲೈನ್ ಪಾರ್ಕಿನಲ್ಲಿ ನೆಲದ ಬಿಲಗಳಲ್ಲಿ ವಾಸಿಸುವ ಅಪರೂಪದ ಗೂಬೆಗಳು ಕಡಿಮೆಯಾದಾಗ, ಹತ್ತಿರದ ಗೂಗಲ್ ಆವರಣದಲ್ಲಿ ಉದ್ಯೋಗಿಗಳು ಬೆಕ್ಕುಗಳಿಗೆ ಊಟ ಹಾಕುತ್ತಿದ್ದದ್ದು 2018ರಲ್ಲಿ ದೊಡ್ಡ ಚರ್ಚೆಯಾಯಿತು. ಅಂಥ ಜಾಗಗಳಿಗೆ ಬೆಕ್ಕನ್ನು ವಾಪಸ್ ಬಿಡುವುದು ಸರಿಯಲ್ಲ.

ನಾವೇನು ಮಾಡಬಹುದು?

ನಮ್ಮವರಲ್ಲಿ ಅನೇಕರಿಗೆ ಈ ಶಸ್ತ್ರಚಿಕಿತ್ಸೆಯೇ ಇಷ್ಟವಿಲ್ಲ. "ಪಾಪ, ಒಂದು ಸಲವಾದರೂ ಮರಿ ಹಾಕಲಿ" ಎನ್ನುವ ಹಿರಿಯರಿದ್ದಾರೆ. ಆ ಕರುಣೆಯನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಮರಿಗಳಿಗೆಲ್ಲ ಮನೆ ಸಿಗದಿದ್ದಾಗ ಆ ಪಾಪ ಯಾರದ್ದೋ ಕೈಯ ಸಿರಿಂಜಿಗೆ ಹೋಗುತ್ತದೆ. ನಾವು ನೋಡುವುದಿಲ್ಲ ಅಷ್ಟೇ.

ಆದ್ದರಿಂದ ಕೆಲವು ಮಾತು. ಹಿತ್ತಲಿಗೆ ಬರುವ ಬೆಕ್ಕಿನ ಕಿವಿ ನೋಡಿ. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದ್ದರೆ ಅದಕ್ಕೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ಇಲ್ಲದಿದ್ದರೆ ನಿಮ್ಮ ನಗರದ ಪ್ರಾಣಿ ಸೇವಾ ಇಲಾಖೆಗೋ, ಮಿಲ್ಪಿಟಾಸ್‌ನ ಹ್ಯೂಮೇನ್ ಸೊಸೈಟಿ ಸಿಲಿಕಾನ್ ವ್ಯಾಲಿ, ಪೆನಿನ್ಸುಲಾ ಹ್ಯೂಮೇನ್ ಸೊಸೈಟಿ, ಸ್ಯಾನ್ ಫ್ರಾನ್ಸಿಸ್ಕೋ ಎಸ್.ಪಿ.ಸಿ.ಎ. ಇಂಥ ಸಂಸ್ಥೆಗಳಿಗೋ ಫೋನ್ ಮಾಡಿ, ಕಡಿಮೆ ಖರ್ಚಿನ ಸೌಲಭ್ಯ ಈಗ ಏನಿದೆ, ಬೆಕ್ಕು ಹಿಡಿಯುವ ಬೋನು ಎಲ್ಲಿ ಸಿಗುತ್ತದೆ ಎಂದು ಕೇಳಿ. ಲೈಸೆನ್ಸ್ ನಿಯಮ ಊರಿಂದ ಊರಿಗೆ ಬೇರೆ, ಅದನ್ನೂ ವಿಚಾರಿಸಿ. ಮನೆಯ ಮರಿಬೆಕ್ಕಿಗೆ ಐದು ತಿಂಗಳು ತುಂಬುವ ಮುಂಚೆಯೇ ಕೆಲಸ ಮುಗಿಸಿಬಿಡಿ. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದ ಮೇಲೆ ನೋಡೋಣ ಎಂದರೆ, ವಾಪಸ್ ಬರುವಷ್ಟರಲ್ಲಿ ಮನೆತುಂಬ ಮಕ್ಕಳು!

ಕಾನೂನು ಬರಲಿ, ಬಿಡಲಿ, ಹಿತ್ತಲಿನ ಬೆಕ್ಕು ಯಾರದೆಂದು ಅದು ತೀರ್ಮಾನಿಸಲಾರದು. ತಟ್ಟೆ ಇಟ್ಟವರು ತೀರ್ಮಾನಿಸಬೇಕು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ನಮಗೆಲ್ಲ ಗೊತ್ತು. ಕಣ್ಣು ಮುಚ್ಚಿ ಹಾಲು ಹಾಕುವವರಿಗೂ ಅದು ಸಲ್ಲುತ್ತದೆ. ಮೊಸರನ್ನ ಹಾಕಿ, ಧಾರಾಳವಾಗಿ ಹಾಕಿ. ಜೊತೆಗೆ ಒಂದು ಫೋನೂ ಮಾಡಿ.