ಗಿರಾಕಿಯ ವಿಳಾಸವೂ ಒಂದು ಇಡುಗಂಟು

ವ್ಯಾಪಾರದಲ್ಲಿ ಎರಡು ಬಗೆಯ ಗಳಿಕೆಯುಂಟು. ಸರಕನ್ನು ಮಾರಿದೊಡನೆ ಕೈಗೆ ಬರುವ ಹಣ ಒಂದು. ಕೊಂಡುಹೋದವರು ಮತ್ತೆ ನಮ್ಮಲ್ಲಿಗೇ ಬರುವರೆಂಬ ಭರವಸೆ ಇನ್ನೊಂದು. ಮೊದಲನೆಯದು ಗಲ್ಲಾಪೆಟ್ಟಿಗೆಯಲ್ಲಿ ಸೇರುತ್ತದೆ, ಸಂಜೆಗೆ ಎಣಿಸಿ ಮುಗಿಯುತ್ತದೆ. ಎರಡನೆಯದು ಎಣಿಕೆಗೆ ಸಿಕ್ಕುವುದಿಲ್ಲ. ಆದರೆ ಮನೆತನವನ್ನು ಮೂರು ತಲೆಮಾರು ಕಾಯುವುದು ಅದೇ.

ಈಚೆಗೆ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಕಡೆಯ ಕೆಲವು ಗೃಹಸ್ಥರು ನಮ್ಮಲ್ಲಿ ಒಂದು ಪ್ರಶ್ನೆಯನ್ನಿಟ್ಟರು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಪಾನಕ, ಜೇನು, ಗೇರುಬೀಜ ಮುಂತಾದವನ್ನು ಮನೆಯಲ್ಲಿಯೇ ಸಿದ್ಧಪಡಿಸಿ ಮಾರುವವರು ಅವರು. ಕೊಂಡವರ ಇ-ಮೇಲ್ ವಿಳಾಸಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಋತುವಿಗೊಮ್ಮೆ ಒಂದು ವಾರ್ತಾಪತ್ರ ಬರೆದು ಅವರೆಲ್ಲರಿಗೂ ಕಳುಹಿಸಬೇಕು, ಆದರೆ ಈ ಕೆಲಸ ಮಾಡಿಕೊಡುವ ಸಂಸ್ಥೆಗಳು ಹತ್ತಾರಿವೆ, ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ಅವರ ಪ್ರಶ್ನೆ. ಮಠದಲ್ಲಿ ಕುಳಿತು ಶಾಸ್ತ್ರ ಓದಿದವರಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಕಾಯಕವೆಂದ ಮೇಲೆ ಅದರ ಸಾಧನವೂ ಶುದ್ಧವಾಗಿರಬೇಕಷ್ಟೆ. ಆದುದರಿಂದ ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನು ಈ ತಿಂಗಳು ವಾಚಕರ ಮುಂದಿಡುತ್ತಿದ್ದೇವೆ.

ಈ ಮೂರು ಊರುಗಳಲ್ಲಿ ಈ ಪ್ರಶ್ನೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳಕ್ಕೆ ನಾಡಿನ ಮೂಲೆಮೂಲೆಯಿಂದ ಯಾತ್ರಿಕರು ಬರುತ್ತಾರೆ. ಮೂಡುಬಿದಿರೆಗೆ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಬಂದವರೂ, ಆಳ್ವಾಸ್ ವಿದ್ಯಾಸಂಸ್ಥೆಗಳಲ್ಲಿ ಓದುವ ಮಕ್ಕಳ ತಂದೆತಾಯಿಗಳೂ ಬಂದುಹೋಗುತ್ತಾರೆ. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಶಿರಾಡಿ ಘಾಟಿಯ ದಾರಿಯೂ ಚಾರ್ಮಾಡಿ ಘಾಟಿಯ ದಾರಿಯೂ ಕವಲೊಡೆಯುತ್ತವೆ. ಹೀಗೆ ಇಲ್ಲಿಯ ಗಿರಾಕಿಗಳಲ್ಲಿ ಬಹುಮಂದಿ ದಾರಿಹೋಕರು. ಒಮ್ಮೆ ಕೊಂಡು, ರುಚಿ ನೋಡಿ, ಕಲಬುರಗಿಗೋ ಮುಂಬಯಿಗೋ ದುಬೈಗೋ ಹೊರಟುಹೋಗುವವರು. ಮಳೆಗಾಲದಲ್ಲಿ ಘಾಟಿಯ ರಸ್ತೆ ಕುಸಿದರೆ ಆ ಬರವೂ ನಿಂತುಹೋಗುತ್ತದೆ. ಅಂಥ ದಿನಗಳಲ್ಲಿ ಬೇಸಗೆಯಲ್ಲಿ ಒಣಗಿಸಿಟ್ಟ ಹಪ್ಪಳ ಮಾರಾಟವಾಗಬೇಕಾದರೆ ದೂರದಲ್ಲಿರುವವರಿಗೆ ಸುದ್ದಿ ತಲುಪಲೇಬೇಕು. ಮನೆಯ ಮಕ್ಕಳ ಶಾಲೆಯ ಶುಲ್ಕ ಆ ಸುದ್ದಿಯನ್ನೇ ನಂಬಿರುವುದುಂಟು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಮಾತೊಂದಿದೆ: ನಮಗೆ ಇದು ಬೇಕೇ? ಗಿರಾಕಿಗಳು ನೂರೈವತ್ತು ಮಂದಿಯಾಗಿದ್ದು ಎಲ್ಲರೂ ಸುತ್ತಮುತ್ತಲಿನವರೇ ಆಗಿದ್ದರೆ ವಾಟ್ಸ್‌ಆ್ಯಪ್ ಸಾಕು. ಅದರ ಪ್ರಸಾರ ಪಟ್ಟಿಯೊಂದರಲ್ಲಿ 256 ಹೆಸರುಗಳಿಗೆ ಅವಕಾಶವಿದ್ದು, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಗಿರಾಕಿಗಳು ಹೆಚ್ಚಿದಾಗ, ದೂರ ನೆಲಸಿದವರಾದಾಗ, ಅಂಗಡಿ ಕಚೇರಿಗಳವರೂ ಕೊಳ್ಳುವವರಾದಾಗ ಇ-ಮೇಲಿನ ಉಪಯೋಗ ತಿಳಿಯುತ್ತದೆ.

ಹಾಗಾದರೆ ಮನೆಯವರ ಸಾಮಾನ್ಯ ಜಿ-ಮೇಲಿನಿಂದಲೇ ಎಲ್ಲರಿಗೂ ಕಳುಹಿಸಬಾರದೇಕೆ? ಉಚಿತ ಜಿ-ಮೇಲಿನಿಂದ ದಿನಕ್ಕೆ 500 ಜನರಿಗಿಂತ ಹೆಚ್ಚು ಮಂದಿಗೆ ಕಳುಹಿಸಲು ಆಗದು. ಅದಕ್ಕಿಂತ ಮುಖ್ಯವಾದುದೆಂದರೆ, ಅವಸರದಲ್ಲಿ ಎಲ್ಲ ವಿಳಾಸಗಳನ್ನೂ ಒಂದೇ ಸಾಲಿನಲ್ಲಿ ತುಂಬಿಬಿಟ್ಟರೆ ಪ್ರತಿಯೊಬ್ಬರ ವಿಳಾಸವೂ ಉಳಿದವರೆಲ್ಲರಿಗೆ ಕಾಣಿಸುತ್ತದೆ. ಒಬ್ಬ ಹೆಣ್ಣುಮಗಳು ಉಪ್ಪಿನಕಾಯಿಗೆಂದು ಕೊಟ್ಟ ವಿಳಾಸ ಅಪರಿಚಿತರ ಕೈ ಸೇರುವುದು ಸಣ್ಣ ಸಂಗತಿಯಲ್ಲ. ಇದನ್ನು ತಪ್ಪಿಸಿ, ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಓಲೆ ಹೋಗುವಂತೆ ಮಾಡುವುದೇ ವಾರ್ತಾಪತ್ರದ ಸಂಸ್ಥೆಗಳ ಕೆಲಸ. ಚೆನ್ನೈ ಮೂಲದ ಜೋಹೊ ಕ್ಯಾಂಪೇನ್ಸ್, ಅಮೆರಿಕೆಯ ಮೇಲ್‌ಚಿಂಪ್, ಫ್ರಾನ್ಸಿನ ಬ್ರೆವೊ ಇವು ಅವುಗಳಲ್ಲಿ ಕೆಲವು. ಯಾವುದನ್ನೂ ಹೊಗಳುವುದು ನಮ್ಮ ಉದ್ದೇಶವಲ್ಲ. ಯಾವುದನ್ನೇ ಆಗಲಿ ಐದು ಒರೆಗಲ್ಲುಗಳ ಮೇಲೆ ಉಜ್ಜಿ ನೋಡಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಮೊದಲನೆಯದು, ಒಪ್ಪಿಗೆ. 1978ರ ಮೇ ತಿಂಗಳಲ್ಲಿ ಅಮೆರಿಕೆಯ ಕಂಪ್ಯೂಟರ್ ಕಂಪೆನಿಯೊಂದರ ಮಾರಾಟಾಧಿಕಾರಿ ಕೇಳದೆಯೇ ಸುಮಾರು 400 ಮಂದಿಗೆ ತನ್ನ ಯಂತ್ರಗಳ ಜಾಹೀರಾತನ್ನು ಇ-ಮೇಲಿನಲ್ಲಿ ಕಳುಹಿಸಿದನು. ಇಂದು ನಾವು ಸ್ಪ್ಯಾಮ್ ಎಂದು ಬೈಯುವ ಪಿಡುಗಿನ ಆದಿ ಅದೇ ಎನ್ನುತ್ತಾರೆ. ಆಗಲೇ ಹಲವರು ಸಿಟ್ಟಾಗಿದ್ದರು. ವಿಳಾಸಗಳ ಪಟ್ಟಿಯನ್ನು ಹಣಕ್ಕೆ ಮಾರುವವರು ಇಂದಿಗೂ ಇದ್ದಾರೆ. ಅದನ್ನು ಕೊಳ್ಳುವುದು ಬೇರೆಯವರ ಮನೆಗೆ ಹೇಳದೆ ಕೇಳದೆ ನುಗ್ಗಿದಂತೆ. ನಮ್ಮ ದೇಶದಲ್ಲಿ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಾಗಿದೆ. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರಲಿವೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂಬುದು ಆ ಕಾಯಿದೆಯ ತಿರುಳುಗಳಲ್ಲೊಂದು. ಆದುದರಿಂದ ಹೆಸರು ಬರೆಸಿದವರಿಗೆ ಮರುಓಲೆ ಕಳುಹಿಸಿ, ಅವರು ಖಚಿತಪಡಿಸಿದ ಮೇಲೆಯೇ ಪಟ್ಟಿಗೆ ಸೇರಿಸುವ ಏರ್ಪಾಡು ಆ ಸಂಸ್ಥೆಯಲ್ಲಿದೆಯೇ ನೋಡಿರಿ. ಪ್ರತಿ ಓಲೆಯ ಕೊನೆಯಲ್ಲಿಯೂ ‘ಇನ್ನು ಬೇಡ’ ಎನ್ನಲು ಒಂದೇ ಒತ್ತಿನ ಗುಂಡಿ ಇರಬೇಕು. ಬೇಡವೆಂದವರನ್ನು ಮರಳಿ ಸೇರಿಸಬಾರದು.

ಎರಡನೆಯದು, ತಲುಪುವಿಕೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ನಿಯಮವನ್ನು ಬಿಗಿಗೊಳಿಸಿವೆ. ಓಲೆ ಕಳುಹಿಸಿದವರು ತಾವು ಹೇಳಿಕೊಂಡವರೇ ಹೌದೆಂಬುದಕ್ಕೆ ಎಸ್.ಪಿ.ಎಫ್. ಅಥವಾ ಡಿ.ಕೆ.ಐ.ಎಂ. ಎಂಬ ಮೊಹರಿರಬೇಕು. ದಿನಕ್ಕೆ 5,000ಕ್ಕೂ ಮಿಕ್ಕಿ ಕಳುಹಿಸುವವರಿಗೆ ನಿಯಮ ಇನ್ನೂ ಕಟ್ಟುನಿಟ್ಟು. ಓಲೆ ಪಡೆದವರಲ್ಲಿ ಸಾವಿರಕ್ಕೆ ಮೂವರು ‘ಇದು ಸ್ಪ್ಯಾಮ್’ ಎಂದು ಗುರುತು ಹಾಕಿದರೂ ಅಪಾಯವೇ. ಹೆಸರು ಒಮ್ಮೆ ಕೆಟ್ಟರೆ ದೀಪಾವಳಿಯ ಮುನ್ನ ಕಳುಹಿಸಿದ ಓಲೆ ಕಸದ ಬುಟ್ಟಿಗೆ ಬೀಳುತ್ತದೆ. ಕಳುಹಿಸಿದವರಿಗೆ ಅದರ ಸುಳಿವೂ ಇರುವುದಿಲ್ಲ. ಈ ಮೊಹರುಗಳಿಗೆ ಸ್ವಂತ ಡೊಮೇನ್ ಹೆಸರು ಬೇಕು. ಅದಕ್ಕೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ತಗಲುತ್ತದೆ. ಅಂಗಡಿಗೆ ಬೋರ್ಡು ಬರೆಸಿದಷ್ಟೇ ಅದು ಅವಶ್ಯವೆಂದು ತಿಳಿಯಬೇಕು.

ಮೂರನೆಯದು, ಬೆಲೆ. ಇಲ್ಲಿ ಎರಡು ಪದ್ಧತಿಗಳಿವೆ. ಕೆಲವರು ಪಟ್ಟಿಯಲ್ಲಿರುವ ಹೆಸರುಗಳನ್ನು ಎಣಿಸಿ ಪ್ರತಿ ತಿಂಗಳೂ ಹಣ ಕೇಳುತ್ತಾರೆ. ಕೆಲವರು ಕಳುಹಿಸಿದ ಓಲೆಗಳನ್ನು ಎಣಿಸುತ್ತಾರೆ. ನಿಮ್ಮಲ್ಲಿ 800 ಹೆಸರುಗಳಿದ್ದು, ವರ್ಷಕ್ಕೆ ಆರು ಸಲ ಮಾತ್ರ ಬರೆಯುವಿರೆಂದುಕೊಳ್ಳಿ. ಒಟ್ಟು 4,800 ಓಲೆಗಳಾದವು. ಹೆಸರಿನ ಲೆಕ್ಕದವರು ನೀವು ಸುಮ್ಮನಿದ್ದ ಆರು ತಿಂಗಳಿಗೂ ಹಣ ಪಡೆಯುತ್ತಾರೆ. ಋತುಮಾನದ ವ್ಯಾಪಾರಕ್ಕೆ ಓಲೆಯ ಲೆಕ್ಕವೇ ಹಗುರ. ಬ್ರೆವೊದಲ್ಲಿ ದಿನಕ್ಕೆ 300 ಓಲೆಗಳವರೆಗೆ ಉಚಿತವೆಂಬ ಕ್ರಮವಿದೆ. ಆ 800 ಮಂದಿಗೆ ಮೂರು ದಿನಗಳಲ್ಲಿ ಹಂಚಿ ಕಳುಹಿಸಬಹುದು. ಆದರೆ ಉಚಿತವೆಂಬುದನ್ನು ಶಾಶ್ವತವೆಂದು ನಂಬಬಾರದು. ಮೇಲ್‌ಚಿಂಪ್ ಮೊದಲು 2,000 ಹೆಸರುಗಳವರೆಗೆ ಉಚಿತವಾಗಿತ್ತು. 2023ರಲ್ಲಿ ಆ ಮಿತಿಯನ್ನು 500ಕ್ಕೆ ಇಳಿಸಿತು. ಹೊರದೇಶದ ಸಂಸ್ಥೆಗಾದರೆ ಡಾಲರಿನ ಏರಿಳಿತವನ್ನೂ ನೋಡಿಕೊಳ್ಳಬೇಕು. ಅಲ್ಲದೆ 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕು ಕಾರ್ಡುಗಳಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ಹೊಸ ಕಟ್ಟಳೆ ವಿಧಿಸಿದ ಮೇಲೆ ಹೊರದೇಶಗಳಿಗೆ ಪಾವತಿ ತಪ್ಪಿಹೋದ ಉದಾಹರಣೆಗಳುಂಟು. ರೂಪಾಯಿಯಲ್ಲಿ ಬಿಲ್ಲು ಕೊಟ್ಟು ಜಿ.ಎಸ್.ಟಿ. ನಮೂದಿಸುವ ಸಂಸ್ಥೆಯಾದರೆ ಲೆಕ್ಕ ಬರೆಯುವವರಿಗೂ ನೆಮ್ಮದಿ.

ನಾಲ್ಕನೆಯದು, ನಮ್ಮ ನುಡಿ. ಕನ್ನಡದ ಅಕ್ಷರಗಳು ಶೀರ್ಷಿಕೆಯ ಸಾಲಿನಲ್ಲಿಯೂ ಒಳಗಿನ ಬರಹದಲ್ಲಿಯೂ ಒಡೆಯದೆ ಬರುತ್ತವೆಯೇ ಎಂದು ಮೊದಲು ಮನೆಯವರ ಫೋನುಗಳಿಗೇ ಕಳುಹಿಸಿ ನೋಡಿರಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದು ಓದುವವರ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿಬಿಡುತ್ತದೆ, ಯೂನಿಕೋಡಿನಲ್ಲಿಯೇ ಬರೆಯಬೇಕು. ದೊಡ್ಡ ದೊಡ್ಡ ಚಿತ್ರಗಳನ್ನು ತುಂಬದಿರುವುದು ಲೇಸು.

ಐದನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮಿಗಿಲಾದುದು, ಪ್ರತಿ. ಪಟ್ಟಿಯನ್ನು ಯಾವಾಗ ಬೇಕೆಂದರೆ ಆಗ ಹೊರತೆಗೆದು ನಮ್ಮಲ್ಲಿ ಇಟ್ಟುಕೊಳ್ಳುವಂತಿರಬೇಕು. ಟ್ವಿಟರ್ ಸಂಸ್ಥೆ 2021ರಲ್ಲಿ ಕೊಂಡ ‘ರೆವ್ಯೂ’ ಎಂಬ ವಾರ್ತಾಪತ್ರ ಸೇವೆ 2023ರ ಜನವರಿಯಲ್ಲಿ ಮುಚ್ಚಿತು. ಮೇಲ್‌ಚಿಂಪಿನ ಒಡೆತನದಲ್ಲಿದ್ದ ‘ಟೈನಿಲೆಟರ್’ 2024ರ ಫೆಬ್ರವರಿ 29ರಂದು ನಿಂತಿತು. ದೊಡ್ಡವರ ಮಾಳಿಗೆಯಲ್ಲಿ ಇಟ್ಟ ಮಾತ್ರಕ್ಕೆ ಗಂಟು ಸುರಕ್ಷಿತವಲ್ಲ.

ಇದಕ್ಕೆ ಮೂಡುಬಿದಿರೆಯ ನೆಲವೇ ಒಂದು ಪಾಠವನ್ನು ಹೇಳುತ್ತದೆ. ಜೈನರ ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿ ಅಲ್ಲಿಯ ಗುರುಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಕಾಯ್ದವರ ಶ್ರದ್ಧೆ ದೊಡ್ಡದು. ಆದರೆ ಪ್ರತಿಯಾಗದೆ ಉಳಿದಿದ್ದರೆ, ಒಂದು ಬೆಂಕಿ ಅಥವಾ ಗೆದ್ದಲು ಸಾಕಾಗುತ್ತಿತ್ತು. ಹಪ್ಪಳ ಕೊಂಡವರ ಪಟ್ಟಿಯನ್ನು ಮಹಾಗ್ರಂಥಕ್ಕೆ ಸಮನೆಂದು ನಾವು ಹೇಳುತ್ತಿಲ್ಲ. ಕಾಯುವ ಕ್ರಮ ಒಂದೇ ಎನ್ನುತ್ತಿದ್ದೇವೆ. ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ತೆಗೆದು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಬೇಡವೆಂದವರ ಹೆಸರುಗಳ ಪಟ್ಟಿಯನ್ನೂ ಅದರ ಜೊತೆಗೆ ಇಡಿ. ಸಂಸ್ಥೆ ಬದಲಾಯಿಸಿದಾಗ ಅವರಿಗೆ ಮತ್ತೆ ಓಲೆ ಹೋಗಬಾರದಷ್ಟೆ.

ಇನ್ನೊಂದು ಗೃಹಕೃತ್ಯದ ಸಂಗತಿ. ಖಾತೆಯನ್ನು ತೆರೆದುಕೊಡುವವರು ಸಾಮಾನ್ಯವಾಗಿ ಮನೆಯ ಹುಡುಗರು. ತಮ್ಮ ಸ್ವಂತ ಇ-ಮೇಲಿನಲ್ಲಿ ತೆರೆದು, ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೊರಟುಹೋಗುತ್ತಾರೆ. ಗುಪ್ತಪದ ಅವರ ಜೊತೆಗೇ ಹೋಗುತ್ತದೆ. ಇಲ್ಲಿ ತಾಯಿ ಹಪ್ಪಳ ಕಟ್ಟಿಟ್ಟು ಕಾಯುತ್ತಾರೆ. ಖಾತೆ ವ್ಯಾಪಾರದ ಹೆಸರಿನಲ್ಲಿರಲಿ, ಎರಡು ಹಂತದ ರಕ್ಷಣೆಯಿರಲಿ, ಮನೆಯಲ್ಲಿ ಇಬ್ಬರಿಗೆ ಅದು ತಿಳಿದಿರಲಿ. ದುಡಿಯುವ ಹೆಣ್ಣುಮಕ್ಕಳು ಆ ಇಬ್ಬರಲ್ಲಿ ಒಬ್ಬರಾಗಿರಲಿ.

ಕೊನೆಗೆ ಓಲೆಯ ಒಳಗಿನ ಮಾತು. ಋತುವಿಗೊಂದು ಓಲೆಯನ್ನು ಬಿಟ್ಟರೆ ಹಬ್ಬಕ್ಕೆ ಒಂದೆರಡು ಸಾಕು. ಈ ವರ್ಷ ಹಲಸು ಹೇಗೆ ಬಂತು, ಯಾವ ಸರಕು ಎಷ್ಟಿದೆ, ಬೆಲೆ ಏನು, ಮಳೆಯಿಂದ ಪಾರ್ಸೆಲ್ ತಡವಾಗುವುದೇ, ಇಷ್ಟನ್ನು ನೇರವಾಗಿ ಬರೆಯಿರಿ. ಸರಕು ಮುಗಿದಿದ್ದರೆ ಮುಗಿದಿದೆ ಎನ್ನಿ. ಎಷ್ಟು ಮಂದಿ ತೆರೆದು ಓದಿದರೆಂದು ಸಂಸ್ಥೆಗಳು ಕೊಡುವ ಅಂಕಿಯನ್ನು ಹೆಚ್ಚಾಗಿ ನೆಚ್ಚಬಾರದು. 2021ರಲ್ಲಿ ಆ್ಯಪಲ್ ಕಂಪೆನಿ ತನ್ನ ಫೋನುಗಳಲ್ಲಿ ಗೋಪ್ಯತೆಯ ಹೊಸ ಏರ್ಪಾಡು ತಂದಂದಿನಿಂದ, ತೆರೆಯದ ಓಲೆಯೂ ತೆರೆದಂತೆ ಎಣಿಕೆಯಾಗುತ್ತದೆ. ಮರಳಿ ಬರೆದವರೆಷ್ಟು, ಕೊಂಡವರೆಷ್ಟು ಎಂಬುದೇ ನಿಜವಾದ ಲೆಕ್ಕ.

1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ ಹೊರಟಾಗ ಅದನ್ನು ಕೈಯಿಂದ ಕೈಗೆ ಸಾಗಿಸಬೇಕಾಗಿತ್ತು. ಈಗ ಕ್ಷಣಮಾತ್ರದಲ್ಲಿ ಸಾವಿರ ಮನೆಗಳ ಕದ ತಟ್ಟಬಹುದು. ತಟ್ಟುವುದು ಸುಲಭವಾದಷ್ಟೂ ತಟ್ಟುವವರ ಸಂಯಮ ಹೆಚ್ಚಬೇಕು. ಗಿರಾಕಿ ತನ್ನ ವಿಳಾಸವನ್ನು ನಮಗೆ ಮಾರಿಲ್ಲ, ನಂಬಿ ಕೈಯಲ್ಲಿಟ್ಟಿದ್ದಾನೆ. ಕೇಳಿದಾಗ ಮರಳಿಸಬೇಕಾದ ಇಡುಗಂಟು ಅದು. ಆ ಗಂಟನ್ನು ಕಾಯಲು ನೆರವಾಗುವ ಸಂಸ್ಥೆ ಯಾವುದೋ ಅದೇ ನಿಮಗೆ ತಕ್ಕುದು. ಅದರ ಹೆಸರು ದೊಡ್ಡದೋ ಸಣ್ಣದೋ ಎಂಬುದು ಮುಖ್ಯವಲ್ಲ. ಶರಣ ಬಂಧುಗಳ ಕಾಯಕಕ್ಕೆ ಒಳಿತಾಗಲಿ.