ಪುಸ್ತಕದ ಬದನೆಕಾಯಿ

ಓದಿದವನು ಕೆಲಸಕ್ಕೆ ಬಾರದ ಮಾತನ್ನಾಡಿದಾಗ "ಅದು ಪುಸ್ತಕದ ಬದನೆಕಾಯಿ" ಎಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; ಆದುದರಿಂದ ಆ ಬಿರುದಿಗೆ ಪಾತ್ರನಾಗುವ ಯೋಗವೂ ಮೊದಲು ನನಗೇ ಒದಗಿತು. ಹೊಲಕ್ಕೆ ಗೊಬ್ಬರ ಎಷ್ಟು ಬೇಕೆಂದು ನಾನು ಬಾಯಿ ತೆರೆದರೆ ಸಾಕು, ಅಪ್ಪ ಆ ಬದನೆಕಾಯಿಯನ್ನು ನನ್ನ ಮುಂದೆ ಹಿಡಿಯುತ್ತಿದ್ದ. ಆದರೆ ಕಳೆದ ವರ್ಷ ನಾನು ನಿಜವಾಗಿಯೂ ಒಂದು ಪುಸ್ತಕದಲ್ಲಿ ಬದನೆಕಾಯಿಯನ್ನು ಕಂಡೆ. ಇಟಲಿಯ ಏಕೀಕರಣದ ವಿಷಯವಾಗಿ ಟಿಪ್ಪಣಿ ಬರೆದುಕೊಳ್ಳಲು ಗ್ರಂಥಾಲಯಕ್ಕೆ ಹೋಗಿದ್ದೆ. ಗ್ಯಾರಿಬಾಲ್ಡಿಯು 1860ರಲ್ಲಿ ತನ್ನ ಸ್ವಯಂಸೇವಕರೊಡನೆ ಸಿಸಿಲಿಯ ಮಾರ್ಸಾಲಾದಲ್ಲಿ ಬಂದಿಳಿದ ಕಥೆಯನ್ನು ಹುಡುಕುತ್ತಿದ್ದವನಿಗೆ ಪಕ್ಕದ ಕಪಾಟಿನಲ್ಲಿ ಆ ದ್ವೀಪದ ಅಡಿಗೆಯ ಪುಸ್ತಕವೊಂದು ಕೈಗೆ ಸಿಕ್ಕಿತು. ಗ್ಯಾರಿಬಾಲ್ಡಿ ಅಲ್ಲಿಯೇ ಉಳಿದ. ನಾನು ಬದನೆಕಾಯಿಯ ಬೆನ್ನು ಹತ್ತಿದೆ.

ಸಿಸಿಲಿಯ ಪೂರ್ವ ತೀರದಲ್ಲಿ, ಎಟ್ನಾ ಎಂಬ ಜ್ವಾಲಾಮುಖಿಯ ಬುಡದಲ್ಲಿ, ಕತಾನಿಯಾ ಎಂಬ ನಗರವಿದೆ. ಎಣ್ಣೆಯಲ್ಲಿ ಹುರಿದ ಬದನೆಕಾಯಿ, ಬೆಳ್ಳುಳ್ಳಿ ಹಾಕಿ ಕುದಿಸಿದ ಟೊಮೆಟೊ, ಬಾಸಿಲ್ ಎಲೆ, ಮೇಲೆ ತುರಿದು ಉದುರಿಸಿದ ಉಪ್ಪಿನ ರಿಕೊಟಾ: ಇಷ್ಟನ್ನು ಬೇಯಿಸಿದ ಪಾಸ್ತಾದೊಡನೆ ಕಲಸಿದರೆ ಆ ಊರಿನ ಪ್ರಸಿದ್ಧವಾದ ‘ಪಾಸ್ತಾ ಅಲ್ಲಾ ನೋರ್ಮಾ’ ಸಿದ್ಧವಾಗುತ್ತದೆ. ನೋರ್ಮಾ ಎಂಬುದು ಒಂದು ಸಂಗೀತನಾಟಕದ ಹೆಸರು. ಅದನ್ನು ರಚಿಸಿದ ವಿಂಚೆಂಝೊ ಬೆಲ್ಲಿನಿ 1801ರಲ್ಲಿ ಕತಾನಿಯಾದಲ್ಲಿಯೇ ಹುಟ್ಟಿದವನು. 1831ರ ಡಿಸೆಂಬರದಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಅದು ಮೊದಲ ಬಾರಿಗೆ ಆಡಲ್ಪಟ್ಟಾಗ ಜನ ಮೆಚ್ಚಲಿಲ್ಲ; ತರುವಾಯ ಅದೇ ಅವನ ಕೀರ್ತಿಯ ಕಲಶವಾಯಿತು. ಈ ಅಡಿಗೆಯನ್ನು ಉಂಡ ರಸಿಕನೊಬ್ಬ "ಇದು ಸಾಕ್ಷಾತ್ ನೋರ್ಮಾ!" ಎಂದು ಉದ್ಗರಿಸಿದನೆಂದೂ ಅಂದಿನಿಂದ ಆ ಹೆಸರೇ ನಿಂತಿತೆಂದೂ ದಂತಕಥೆ. ನಿಜವೋ ಸುಳ್ಳೋ, ತಮ್ಮ ಊರಿನ ಮಹಾ ಸಂಗೀತಗಾರನ ಶ್ರೇಷ್ಠ ಕೃತಿಯ ಹೆಸರನ್ನು ಬದನೆಕಾಯಿಯ ಪದಾರ್ಥಕ್ಕೆ ಇಡಲು ಅವರು ನಾಚಲಿಲ್ಲ. ನಾವಾಗಿದ್ದರೆ ಇಡುತ್ತಿದ್ದೆವೆ?

ನಾಚಿಕೆಯ ಮಾತು ಬಂದುದರಿಂದ ಒಂದು ವಿಷಯವನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಮೊದಲನೆಯ ವರ್ಷದಲ್ಲಿ ಅವ್ವ ಜೋಳದ ರೊಟ್ಟಿ ಮತ್ತು ಬದನೆಕಾಯಿಯ ಎಣ್ಣೆಗಾಯಿಯನ್ನು ಅರಿವೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ನಾನು ಅದನ್ನು ಗೋಡೆಯ ಕಡೆ ಮುಖ ಮಾಡಿಕೊಂಡು ತಿನ್ನುತ್ತಿದ್ದೆ. ಯಾರೂ ನನ್ನನ್ನು ಹಂಗಿಸಿದ್ದಿಲ್ಲ. ಒಬ್ಬ ಮಿತ್ರ ಮಾತ್ರ ಒಮ್ಮೆ "ಇವತ್ತೂ ಬದನೆಕಾಯಿಯೇ?" ಎಂದು ನಕ್ಕಿದ್ದ. ಅಷ್ಟಕ್ಕೇ ನಾನು ಒಂದು ವಾರ ಬುತ್ತಿ ಬೇಡವೆಂದು ಹೇಳಿ ಉಪವಾಸ ಬಿದ್ದೆ. ಅವ್ವ ಕಾರಣ ಕೇಳಿದಾಗ ಹೊಟ್ಟೆನೋವೆಂದೆ.

ಇಟಲಿಯಲ್ಲಿಯೂ ಈ ಕಾಯಿಯ ಪಾಡು ಬಹುಕಾಲ ಹೀಗೆಯೇ ಇತ್ತು. ಅಲ್ಲಿ ಅದಕ್ಕೆ ‘ಮೆಲಂಝಾನಾ’ ಎಂದು ಹೆಸರು. ಆ ಶಬ್ದವನ್ನು ಜನ ‘ಮೇಲಾ ಇನ್ಸಾನಾ’, ಅರ್ಥಾತ್ ಹುಚ್ಚುಹಣ್ಣು ಎಂದು ಬಿಡಿಸಿ, ತಿಂದವರಿಗೆ ಬುದ್ಧಿಭ್ರಮಣೆಯಾದೀತೆಂದು ಅಂಜುತ್ತಿದ್ದರು. ಪೆಲ್ಲೆಗ್ರಿನೊ ಆರ್ತೂಸಿ ಎಂಬ ವರ್ತಕನು 1891ರಲ್ಲಿ ಫ್ಲಾರೆನ್ಸಿನಲ್ಲಿ ಒಂದು ದೊಡ್ಡ ಪಾಕಶಾಸ್ತ್ರವನ್ನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ. ಇಟಲಿಯ ಮನೆಮನೆಯಲ್ಲಿ ಇಂದಿಗೂ ಅದಕ್ಕೆ ಮನ್ನಣೆಯಿದೆ. ನಲವತ್ತು ವರ್ಷಗಳ ಹಿಂದೆ ಫ್ಲಾರೆನ್ಸಿನ ಪೇಟೆಯಲ್ಲಿ ಬದನೆಕಾಯಿ ಕಾಣಸಿಗುವುದೇ ಅಪರೂಪವಾಗಿತ್ತೆಂದೂ, ಯೆಹೂದ್ಯರ ಆಹಾರವೆಂದು ಜನ ಅದನ್ನು ಹೀನವಾಗಿ ಕಾಣುತ್ತಿದ್ದರೆಂದೂ ಅವನು ಅದರಲ್ಲಿ ಬರೆದಿದ್ದಾನೆ. ರುಚಿಯನ್ನು ಬಲ್ಲವರು ಯೆಹೂದ್ಯರೇ ಎಂದು ಹೇಳಲೂ ಹಿಂಜರಿದಿಲ್ಲ. ಇದನ್ನು ಓದಿದಾಗ ನನಗೆ ಗೋಡೆ ನೆನಪಾಯಿತು. ಕಾಯಿಯಲ್ಲಿ ಹೀನವಾದದ್ದು ಏನೂ ಇರಲಿಲ್ಲ. ಯಾರು ತಿನ್ನುತ್ತಾರೆಂಬುದರ ಮೇಲೆ ಅದರ ಮರ್ಯಾದೆ ನಿಂತಿತ್ತು, ಅಷ್ಟೆ.

ಇಲ್ಲಿ ನಮ್ಮ ಕೆಲವು ಮಿತ್ರರು ಎದೆ ತಟ್ಟಿಕೊಳ್ಳಲು ಸಿದ್ಧರಾಗುತ್ತಾರೆ: ಬದನೆ ನಮ್ಮ ನಾಡಿನದು, ಆದುದರಿಂದ ಆ ಅಡಿಗೆಯೂ ನಮ್ಮದೇ ಎಂದು! ಬದನೆಯ ಕಾಡುಬಂಧುಗಳು ನಮ್ಮ ಉಪಖಂಡದಲ್ಲಿ ಬೆಳೆಯುವುದು ನಿಜ. ಸಂಸ್ಕೃತದ ‘ವಾತಿಂಗಣ’ ಪಾರಸಿಯಲ್ಲಿ ‘ಬಾದಿಂಗಾನ್’ ಆಗಿ, ಅರಬ್ಬಿಯಲ್ಲಿ ‘ಅಲ್-ಬಾದಿಂಜಾನ್’ ಆಗಿ, ಸ್ಪೇನಿನ ದಾರಿಯಿಂದ ಫ್ರೆಂಚರ ‘ಓಬರ್ಜೀನ್’ ಆಯಿತು. ಪೋರ್ತುಗೀಜರ ನಾಲಗೆಯ ಮೇಲಿನ ‘ಬೆರಿಂಜೆಲ’ ನಮ್ಮ ದೇಶಕ್ಕೇ ತಿರುಗಿ ಬಂದು ಇಂಗ್ಲೀಷಿನ ‘ಬ್ರಿಂಜಾಲ್’ ಆಯಿತು. ಈ ಪ್ರಯಾಣ ಬಹಳ ಸ್ವಾರಸ್ಯವಾದುದು. ಆದರೆ ಹಾಗೆ ಲೆಕ್ಕ ಹಾಕುವುದಾದರೆ ಟೊಮೆಟೊ ಮತ್ತು ಮೆಣಸಿನಕಾಯಿಗಳೆರಡೂ ಅಮೆರಿಕದವು. ನಮ್ಮ ಎಣ್ಣೆಗಾಯಿಯ ಖಾರವನ್ನು ಯಾರಿಗೆ ಮರಳಿಸೋಣ? ಅರಬ್ಬರು 827ರಿಂದ ಸಿಸಿಲಿಗೆ ಬಂದು ಸುಮಾರು ಎರಡು ಶತಮಾನ ಆಳಿದರು. 1154ರಲ್ಲಿ ಅಲ್-ಇದ್ರೀಸಿ ಎಂಬ ಭೂಗೋಳಜ್ಞನು, ಪಲೆರ್ಮೊ ಹತ್ತಿರದ ತ್ರಾಬಿಯಾದಲ್ಲಿ ಒಣ ಶಾವಿಗೆಯನ್ನು ಮಾಡಿ ಹಡಗು ತುಂಬಿ ಹೊರನಾಡುಗಳಿಗೆ ಕಳಿಸುತ್ತಿದ್ದುದನ್ನು ವರ್ಣಿಸಿದ್ದಾನೆ. ಏಷ್ಯದ ಕಾಯಿ, ಅಮೆರಿಕದ ಹಣ್ಣು, ಅರಬ್ಬರ ಕಾಲದ ಶಾವಿಗೆ, ಇವು ಒಂದು ತಟ್ಟೆಯಲ್ಲಿ ಸೇರಲು ಸಿಸಿಲಿಯ ಬಡ ಗೃಹಿಣಿಯ ಕೈ ಬೇಕಾಯಿತು. ಅಡಿಗೆ ಮಾಡಿದವರದೇ ಅಡಿಗೆ ಎಂದು ನನ್ನ ಮತ.

ಆ ಕಾರಣಕ್ಕಾಗಿಯೇ, ಇದನ್ನು ಮನೆಯಲ್ಲಿ ಮಾಡಿ ಉಣ್ಣಬೇಕು, ಶೀಸೆಯಲ್ಲಿ ಕೊಂಡು ತರಬಾರದು ಎಂದು ನಾನು ವಾದಿಸುತ್ತೇನೆ. ನಗರದ ದೊಡ್ಡ ಅಂಗಡಿಯಲ್ಲಿ ಪಾಸ್ತಾ ಸಾಸಿನ ಶೀಸೆಗಳ ಸಾಲನ್ನು ನೋಡಿದ್ದೇನೆ. ಅವುಗಳ ಬೆಲೆಗೆ ನಮ್ಮೂರ ಸಂತೆಯಲ್ಲಿ ಬದನೆಕಾಯಿ, ಟೊಮೆಟೊ, ಬೆಳ್ಳುಳ್ಳಿ ಮೂರನ್ನೂ ಕೊಂಡು ಚಿಲ್ಲರೆಯನ್ನೂ ಜೇಬಿಗಿಳಿಸಬಹುದು. ಬೆಲೆಯ ಮಾತು ಹಾಗಿರಲಿ. ಬದನೆಕಾಯಿಯ ಗುಣವೇ ಶೀಸೆಗೆ ಒಗ್ಗುವುದಿಲ್ಲ. ಹುರಿದ ಹೋಳು ಹೊರಗೆ ಕೆಂಪಗೆ, ಒಳಗೆ ಬೆಣ್ಣೆಯಂತಿರುವುದು ಬಾಣಲೆಯಿಂದಿಳಿಸಿದ ಸ್ವಲ್ಪ ಹೊತ್ತು ಮಾತ್ರ.

ಇದನ್ನು ನಾನು ಕಲಿತದ್ದು ಕೆಡಿಸಿ. ದಸರೆಯ ಸೂಟಿಯಲ್ಲಿ ಒಂದು ಪಾಸ್ತಾ ಪೊಟ್ಟಣವನ್ನು ಊರಿಗೆ ಒಯ್ದೆ. ಬದನೆಯನ್ನು ಹೆಚ್ಚಿ ಕಡಿಮೆ ಎಣ್ಣೆಯಲ್ಲಿ, ಸಣ್ಣ ಉರಿಯ ಮೇಲೆ, ಬಾಣಲೆ ತುಂಬ ಒಮ್ಮೆಲೇ ಸುರಿದೆ. ಎಣ್ಣೆ ಮಾಯವಾಯಿತು. ಮತ್ತೆ ಹಾಕಿದೆ, ಅದೂ ಮಾಯ. ಕಡೆಗೆ ಉಳಿದದ್ದು ಎಣ್ಣೆ ಕುಡಿದು ಜೋತುಬಿದ್ದ ಒಂದು ಕಪ್ಪು ಮುದ್ದೆ. ಪುಸ್ತಕದಲ್ಲಿ ಕಾರಣ ಬರೆದಿತ್ತು: ಬದನೆಯ ತಿರುಳು ಸ್ಪಂಜಿನ ಹಾಗೆ, ಕಣಕಣದ ನಡುವೆ ಗಾಳಿ ತುಂಬಿಕೊಂಡಿರುತ್ತದೆ, ಆ ಗಾಳಿಯ ಜಾಗಕ್ಕೆ ಎಣ್ಣೆ ನುಗ್ಗುತ್ತದೆ. ಹೋಳುಗಳಿಗೆ ಉಪ್ಪು ಹಚ್ಚಿ ಅರ್ಧ ತಾಸು ಇಟ್ಟರೆ ನೀರು ಬಿಟ್ಟು ತಿರುಳು ಕುಗ್ಗುತ್ತದೆ, ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ. ಕಹಿಯನ್ನು ತೆಗೆಯಲು ಉಪ್ಪು ಎಂಬುದು ಹಳೆಯ ಮಾತು. ಈಗಿನ ಎಳೆಗಾಯಿಗಳಲ್ಲಿ ಕಹಿ ಅಷ್ಟಾಗಿ ಇರುವುದಿಲ್ಲ. ನಾನು ಓದಿಯೂ ಅವಸರಕ್ಕೆ ಆ ಸಾಲನ್ನು ಹಾರಿಸಿದ್ದೆ. ಅವ್ವ ಒಂದಕ್ಷರವನ್ನೂ ಓದದೆ, ಬಾಣಲೆಯನ್ನು ಒಮ್ಮೆ ನೋಡಿ, "ಎಣ್ಣಿ ಕಾದಿರಲಿಲ್ಲ, ಹೋಳು ಒತ್ತಿ ನೀರು ತಗೀಲಿಲ್ಲ, ಇಷ್ಟೊಂದು ಒಮ್ಮೆಲೇ ಯಾಕ ಹಾಕಿದಿ?" ಎಂದು ಮೂರು ತಪ್ಪನ್ನೂ ಎಣಿಸಿದಳು. ನಾನು ನೋಡಿದ ಪರೀಕ್ಷಕರಲ್ಲಿ ಇಷ್ಟು ಬೇಗ ಅಂಕ ಕೊಟ್ಟವರು ಇನ್ನೊಬ್ಬರಿಲ್ಲ.

ಎರಡನೆಯ ದಿನ ಮಾಡಿದ ಕ್ರಮ ಇದು. ನಾಲ್ಕು ಜನಕ್ಕೆ ಅರ್ಧ ಕಿಲೊ ಬದನೆ, ಮುಕ್ಕಾಲು ಕಿಲೊ ಚೆನ್ನಾಗಿ ಹಣ್ಣಾದ ಟೊಮೆಟೊ, ನಾಲ್ಕೈದು ಎಸಳು ಬೆಳ್ಳುಳ್ಳಿ, 400 ಗ್ರಾಂ ಪಾಸ್ತಾ. ಉಪ್ಪು ಹಚ್ಚಿಟ್ಟ ಹೋಳುಗಳನ್ನು ಹಿಂಡಿ, ಅರಿವೆಯಿಂದ ಒರೆಸಿ, ಚೆನ್ನಾಗಿ ಕಾದ ಎಣ್ಣೆಯಲ್ಲಿ ಒಂದೊಂದು ಹಿಡಿಯಷ್ಟೇ ಹಾಕಿ ಕೆಂಪಗೆ ಹುರಿಯಬೇಕು. ಬೇರೆ ಪಾತ್ರೆಯಲ್ಲಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಟೊಮೆಟೊ ಹಾಕಿ, ಎಣ್ಣೆ ಮೇಲೆ ತೇಲುವವರೆಗೆ ಮಂದ ಉರಿಯಲ್ಲಿ ಕುದಿಸಬೇಕು. ಮುಕ್ಕಾಲು ತಾಸು ಹಿಡಿಯುತ್ತದೆ, ಅದಕ್ಕೆ ಅಡ್ಡದಾರಿಯಿಲ್ಲ. ಪಾಸ್ತಾಕ್ಕೆ ನೀರು ಧಾರಾಳವಾಗಿರಲಿ: 100 ಗ್ರಾಮಿಗೆ ಒಂದು ಲೀಟರು ನೀರು, 10 ಗ್ರಾಂ ಉಪ್ಪು ಎಂಬುದು ಇಟಲಿಯವರ ಲೆಕ್ಕ. ಬೆಂದ ಗಂಜಿನೀರಿನಲ್ಲಿ ಒಂದು ಸೌಟನ್ನು ಸಾಸಿಗೆ ಸೇರಿಸಿದರೆ ಅದು ಪಾಸ್ತಾಕ್ಕೆ ಅಂಟಿಕೊಳ್ಳುತ್ತದೆ. ಆಲಿವ್ ಎಣ್ಣೆಯ ಬದಲು ನಾವು ಶೇಂಗಾ ಎಣ್ಣೆ ಹಾಕಿದೆವು. ರಿಕೊಟಾ ಎಂದರೆ ‘ಮರಳಿ ಕಾಯಿಸಿದ್ದು’. ಚೀಜು ತೆಗೆದುಳಿದ ಹಾಲಿನ ನೀರನ್ನು ಮತ್ತೆ ಕಾಯಿಸಿ ಅದನ್ನು ಮಾಡುತ್ತಾರೆ. ನಮಗೆ ಅದು ಎಲ್ಲಿಂದ ಬರಬೇಕು? ಒಡೆಸಿದ ಹಾಲಿನ ಗಟ್ಟಿಗೆ ಉಪ್ಪು ಬೆರೆಸಿ, ಕಲ್ಲು ಹೇರಿ, ಒಂದು ದಿನ ಒಣಗಿಸಿ ಪುಡಿ ಮಾಡಿಕೊಂಡೆವು. ಬಾಸಿಲ್ ಎಲೆಗಾಗಿ ನಾನು ತುಳಸಿಕಟ್ಟೆಯ ಕಡೆ ಕೈ ಚಾಚಿದಾಗ ಅಜ್ಜಿ ಹೌಹಾರಿದಳು. ಬೆಳ್ಳುಳ್ಳಿಯೊಡನೆ ತುಳಸಿಯೆ! ಅವಳು ಹೌಹಾರಿದ್ದು ಸಸ್ಯಶಾಸ್ತ್ರಕ್ಕೂ ಸರಿಯಾಗಿತ್ತು. ಬಾಸಿಲ್ ಎಂದರೆ ತುಳಸಿಯಲ್ಲ, ನಮ್ಮ ಕಾಮಕಸ್ತೂರಿ. ಅದು ಹಿತ್ತಲಲ್ಲಿಯೇ ಇತ್ತು.

ಇದು ಹೊಟ್ಟೆ ತುಂಬುವ ಊಟ. ಬದನೆಯನ್ನು ‘ಬಡವರ ಮಾಂಸ’ ಎಂದು ಕೆಲವರು ಹೊಗಳುವುದುಂಟು. ನಾನು ಅಷ್ಟು ದೂರ ಹೋಗಲಾರೆ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ ಇದೆ. ಅದು ಕೊಡುವುದು ಮಾಂಸದಂಥ ಮೆತ್ತನೆಯ ಮೈ ಮತ್ತು ಎಣ್ಣೆಯ ರುಚಿಯನ್ನು. ತ್ರಾಣವನ್ನು ಕೊಡುವುದು ಗೋಧಿ ಮತ್ತು ಹಾಲಿನ ಗಟ್ಟಿ. ಇಟಲಿಯಲ್ಲಿ ಮಾರುವ ಒಣ ಪಾಸ್ತಾವನ್ನು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನು ಬಂದಿತು. ಗಟ್ಟಿ ಗೋಧಿಯು ಧಾರವಾಡ, ವಿಜಯಪುರದ ಕಡೆಯ ಎರೆಭೂಮಿಗೂ ಹಳೆಯ ನೆಂಟ. ಬೆಳಗಾವಿಯ ಕಡೆ ಶಾವಿಗೆಗೆ ಬಳಸುವ ಜವೆಗೋಧಿ ಅಥವಾ ಕಪ್ಲಿಯನ್ನು ತಸ್ಕನಿಯ ರೈತರು ಫಾರ್ರೊ ಎಂಬ ಹೆಸರಿನಿಂದ ಇಂದಿಗೂ ಬೆಳೆಯುತ್ತಾರೆ. ಆದುದರಿಂದ ಪೊಟ್ಟಣದ ಪಾಸ್ತಾ ಸಿಗದವರು ಮನೆಯ ದಪ್ಪ ಶಾವಿಗೆಯನ್ನು ಹಾಕಿದರೆ ಆಕಾಶವೇನೂ ಕಳಚಿ ಬೀಳದು. ಕತಾನಿಯಾದವರು ಮುನಿಯಬಹುದು, ಅವರನ್ನು ನಾವು ಊಟಕ್ಕೆ ಕರೆದಿಲ್ಲ.

ಗಂಡುಹುಡುಗನಿಗೆ ಈ ಒಲೆಯ ಚಿಂತೆ ಏತಕ್ಕೆ ಎಂದು ನಮ್ಮೂರಲ್ಲಿ ಕೇಳಿದರು. ಕಾಲೇಜಿನಲ್ಲಿಯೂ, ಇನ್ನಷ್ಟು ನಾಜೂಕಾದ ಭಾಷೆಯಲ್ಲಿ, ಕೇಳಿದವರುಂಟು. ನಾನು ಅವರಿಗೆ ಒಂದು ಪ್ರತಿಪ್ರಶ್ನೆ ಹಾಕುತ್ತೇನೆ. ಅವ್ವ ಇಪ್ಪತ್ತೈದು ವರ್ಷಗಳಿಂದ ಎರಡು ಹೊತ್ತು ಒಲೆಯ ಮುಂದೆ ಕುಳಿತಿದ್ದಾಳೆ. ಬದನೆಯ ತಿರುಳು ಎಣ್ಣೆ ಕುಡಿಯುವ ಬಗೆ, ಮಂದ ಉರಿಯ ಲೆಕ್ಕ, ಉಪ್ಪಿನ ಕೆಲಸ, ಇವೆಲ್ಲ ಅವಳಿಗೆ ಗೊತ್ತು. ಇದು ವಿದ್ಯೆಯಲ್ಲವೆಂದು ನಮಗೆ ಯಾರು ಹೇಳಿಕೊಟ್ಟರು? ಆರ್ತೂಸಿ ಅದನ್ನೇ ಬರೆದಿಟ್ಟದ್ದಕ್ಕೆ ಗ್ರಂಥಕರ್ತನಾದ. ನನ್ನ ಪದವಿ ನನ್ನನ್ನು ಆ ಒಲೆಯಿಂದ ದೂರ ಒಯ್ಯುತ್ತಿದೆ ಎಂಬುದು ನನಗೆ ಗೊತ್ತು. ಊರಿಗೆ ಹೋದಾಗ ಅವ್ವನೊಡನೆ ಆಡುವ ಮಾತು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿತ್ತು. ಆ ಎರಡು ದಿನ ನಾವು ಹಿಂದಿನ ಎರಡು ವರ್ಷ ಆಡದಷ್ಟು ಮಾತನಾಡಿದೆವು. ಬಹುಮಟ್ಟಿಗೆ ನಾನು ಬೈಸಿಕೊಂಡೆನೆಂಬುದು ಬೇರೆ ಮಾತು. ಹೊಟ್ಟೆನೋವಿನ ನಿಜ ಸಂಗತಿಯನ್ನೂ ಹೋಳು ಹಿಂಡುತ್ತ ಹೇಳಿಬಿಟ್ಟೆ. ಅವಳು ನನ್ನ ಕಡೆ ನೋಡದೆ, "ಗೊತ್ತಿತ್ತು" ಎಂದಳು.

ಊಟಕ್ಕೆ ಕುಳಿತಾಗ ಅಪ್ಪ ತಟ್ಟೆಯನ್ನು ಬಹಳ ಹೊತ್ತು ನೋಡಿದ. ಪಾಸ್ತಾವನ್ನು ಒಂದು ತುತ್ತು ತಿಂದು ಬದಿಗೆ ಸರಿಸಿ, "ಈ ಪೀಪಿ ಬ್ಯಾಡ, ಆ ಗೊಜ್ಜು ರೊಟ್ಟಿಗೆ ಹಾಕು" ಎಂದ. ಅವ್ವ ಎರಡು ರೊಟ್ಟಿ ತಂದಳು. ಅವನು ಪಾತ್ರೆಯ ತಳ ಕಾಣುವವರೆಗೆ ಮಾತಾಡಲಿಲ್ಲ.